ಹಾಲ್ ಬೆಚ್ಚಗೆ, ಕೋಣೆ ತಣ್ಣಗೆ

ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಾಸ್ಟನ್ ಹತ್ತಿರದ ನಮ್ಮ ಮನೆಗೆ ಬಂದ ಅತ್ತೆಯವರು ಮೊದಲು ಮಾಡಿದ ಕೆಲಸ ಬಾಣಂತಿ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೇ ಟವೆಲ್ ತುರುಕಿದ್ದು. ಥಂಡಿ ಹೊಗಬಾರದಲ್ಲ! ಬೆಳಿಗ್ಗೆ ನೋಡಿದರೆ ಹಾಲ್‌ನಲ್ಲಿ 22 ಡಿಗ್ರಿ, ಕೋಣೆಯಲ್ಲಿ 15. ಆ ಮಹಡಿಗೆಲ್ಲ ಇದ್ದ ಯಂತ್ರ ಒಂದೇ, ಅದೂ ಹಾಲ್‌ನ ಗೋಡೆಯ ಮೇಲೆ. ಟವೆಲ್ ಶಾಖವನ್ನೇ ಹೊರಗೆ ನಿಲ್ಲಿಸಿತ್ತು.

ಇಲ್ಲಿ ಮಿನಿ ಸ್ಪ್ಲಿಟ್ ಎನ್ನುವ ಈ ಡಕ್ಟ್ ಇಲ್ಲದ ಹೀಟ್ ಪಂಪ್ ನಮ್ಮೂರಿನ ಸ್ಪ್ಲಿಟ್ ಏಸಿಯೇ. ಚಳಿಗಾಲದಲ್ಲಿ ಉಲ್ಟಾ ಓಡಿ, ಹೊರಗಿನ ಗಾಳಿಯ ಶಾಖ ಹೀರಿ ಒಳಗೆ ಬಿಡುತ್ತದೆ. ಅಷ್ಟು ಚಳಿಯಲ್ಲಿ ಎಂಥ ಶಾಖ ಎನ್ನಬೇಡಿ. ಇವುಗಳಲ್ಲಿ ವರ್ಷಗಟ್ಟಲೆ ತುಂಬುತ್ತಿದ್ದ ಆರ್-410ಎ ಗ್ಯಾಸ್ ಮಾಮೂಲಿ ಒತ್ತಡದಲ್ಲಿ ಮೈನಸ್ 50ರ ಆಸುಪಾಸಿಗೇ ಕುದಿಯುತ್ತದೆ; ಅದಕ್ಕೆ ಈ ಚಳಿಗಾಳಿಯೂ ಬಿಸಿಯೇ. ಒಂದು ಯೂನಿಟ್ ಕರೆಂಟಿಗೆ ಹದವಾದ ಚಳಿಯಲ್ಲಿ ಮೂರು ಯೂನಿಟ್ ಶಾಖ, ಒಳ್ಳೆಯ ಯಂತ್ರವಾದರೆ ಮೈನಸ್ 15ರಲ್ಲೂ ಹೆಚ್ಚುಕಡಿಮೆ ಎರಡು. ಹತ್ತಿರದ ಮೇನ್ ರಾಜ್ಯ 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಕೂರಿಸುವ ಗುರಿಯನ್ನು 2019ರಲ್ಲಿ ಇಟ್ಟುಕೊಂಡು 2023ಕ್ಕೇ ಮುಟ್ಟಿತು. ಯಂತ್ರದ ತತ್ತ್ವದ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಮಾರಿ ಗೋಡೆಗೇರಿಸುವ ರೀತಿಯ ಬಗ್ಗೆ ಇದೆ.

ನಮ್ಮಲ್ಲಿಗೆ ಬಂದ ಕಂಟ್ರಾಕ್ಟರ್ ಕಿಟಕಿ ಎಣಿಸಲಿಲ್ಲ, ಅಟ್ಟದಲ್ಲಿ ಇನ್ಸುಲೇಷನ್ ಇದೆಯೇ ಎಂದು ಇಣುಕಲಿಲ್ಲ. ಎಷ್ಟು ಚದರಡಿ ಎಂದು ಕೇಳಿ, ದೊಡ್ಡದನ್ನೇ ಹಾಕಿಬಿಡೋಣ ಅಂದರು. ಈ ಯಂತ್ರದ ಜಾಣತನವೆಲ್ಲ ಇರುವುದು ಉರಿ ಸಣ್ಣ ಮಾಡಿಕೊಂಡು ಎಡೆಬಿಡದೆ ಓಡುವುದರಲ್ಲಿ. ಆದರೆ ದೊಡ್ಡ ಒಲೆಯ ಸಣ್ಣ ಉರಿಯೂ ಒಂದು ಲೋಟ ಹಾಲಿಗೆ ಜಾಸ್ತಿಯೇ. ನವೆಂಬರ್‌ನ ಸಾಧಾರಣ ಚಳಿಗೆ ನಮ್ಮ ಯಂತ್ರ ಹತ್ತು ನಿಮಿಷ ಓಡಿ, ನಿಂತು, ಮತ್ತೆ ಏಳುತ್ತದೆ. ಏರುವುದು ಬಿಲ್, ಸವೆಯುವುದು ಕಂಪ್ರೆಸರ್. ಹೊರಗೆ ಒಂದೇ ಯೂನಿಟ್ ಇಟ್ಟು ಕೋಣೆಗೊಂದು ಹೆಡ್ (ಗೋಡೆಯ ಮೇಲಿನ ಒಳಯಂತ್ರ) ತೂಗುಹಾಕಿದರೆ ಬಾಗಿಲಿನ ಸಮಸ್ಯೆ ತೀರೀತು, ಆದರೆ ಈ ನಿಂತು ಏಳುವ ಕಾಟ ಇನ್ನೂ ಬಿಗಡಾಯಿಸುತ್ತದೆ: ಒಂದು ಪುಟ್ಟ ಕೋಣೆ ಕೇಳಿದರೂ ಆ ದೊಡ್ಡ ಕಂಪ್ರೆಸರ್ ಏಳಲೇಬೇಕು.

ಇನ್ನೊಂದನ್ನು ಮಾತ್ರ ತಯಾರಕರ ತಲೆಗೇ ಕಟ್ಟಬೇಕು. ಉಷ್ಣತೆ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಹೆಡ್ ಗಾಳಿ ಹೀರುವ ಜಾಗದಲ್ಲೇ, ಅಂದರೆ ಸೂರಿನಡಿಯೇ ಇರುತ್ತದೆ. ಬಿಸಿ ಗಾಳಿ ಸೇರುವುದೂ ಅಲ್ಲಿಗೇ. ರಿಮೋಟ್‌ನ 22 ಸೂರಿನ 22. ಚಾಪೆ ಹಾಸಿ, ಕಾಲು ನೀಡಿ ಕೂತು ಮಗುವಿಗೆ ಎಣ್ಣೆ ತಿಕ್ಕುವವರ ಲೆಕ್ಕ ಅದಕ್ಕಿಲ್ಲ. ಎದೆಮಟ್ಟದಲ್ಲಿ ಗೋಡೆಗೆ ಹಾಕುವ ಥರ್ಮೋಸ್ಟ್ಯಾಟ್ ಇದಕ್ಕೆ ಮದ್ದು. ಹೆಚ್ಚಿನ ಕಡೆ ಅದಕ್ಕೆ ಬೇರೆ ಬಿಲ್.

ನಡುರಾತ್ರಿ ಒಳಗೆ ಶಾಖ ನಿಂತು ಹೊರಗಿನ ಯೂನಿಟ್‌ನಿಂದ ಹೊಗೆಯಂತೆ ಆವಿ ಎದ್ದರೆ ಹೆದರಬೇಡಿ. ಕಟ್ಟಿದ ಹಿಮವನ್ನು ಕರಗಿಸಿಕೊಳ್ಳುತ್ತಿದೆ, ಐದು-ಹತ್ತು ನಿಮಿಷದ ಆಟ. (ನಾವು ಹೆದರಿ ಮೆಕ್ಯಾನಿಕ್ ಕರೆಸಿ ದುಡ್ಡು ಕಳಕೊಂಡೆವು.) ಯೂನಿಟನ್ನು ನೆಲಕ್ಕೇ ಕೂರಿಸಿದ್ದರೆ ಮಾತ್ರ ಹೆದರಿ: ಕರಗಿದ ನೀರು ಅಡಿಯಲ್ಲೇ ಮತ್ತೆ ಗಟ್ಟಿಯಾಗಿ ಫ್ಯಾನ್ ರೆಕ್ಕೆಗೆ ತಾಗುತ್ತದೆ. ಹಿಮ ಬೀಳುವ ಊರಿನಲ್ಲಿ ಸ್ಟ್ಯಾಂಡ್ ಶೋಕಿಯಲ್ಲ.

ಇದನ್ನು ಹಾಕಿಸಿಕೊಳ್ಳಲು ಹೊರಟವರು ಯಾವ ಕಂಪನಿಯದು ಎಂದು ಕೇಳುವ ಮುಂಚೆ ಕೋಣೆ ಕೋಣೆಯ ಹೀಟ್ ಲೋಡ್ ಲೆಕ್ಕ ಕೇಳಿ. ಅಮೆರಿಕದಲ್ಲಿ ಅದಕ್ಕೆ ಮ್ಯಾನ್ಯುಯಲ್ ಜೆ ಅನ್ನುತ್ತಾರೆ. ಚದರಡಿಯಷ್ಟೇ ಕೇಳಿ ಕೊಟೇಶನ್ ಬರೆಯುವವರಿಗೆ ಕಾಫಿ ಕೊಟ್ಟು ಕಳಿಸಿ.

ನಮ್ಮ ಬಾಣಂತಿ ಕೋಣೆಗೆ ಕೊನೆಗೆ 1,500 ವ್ಯಾಟ್‌ನ ಸಾದಾ ಹೀಟರ್ ಬಂತು. ಒಂದು ಯೂನಿಟ್ ಕರೆಂಟಿಗೆ ಅದು ಕೊಡುವುದು ಒಂದೇ ಯೂನಿಟ್ ಶಾಖ. ಟವೆಲ್ ಇನ್ನೂ ಬಾಗಿಲ ಸಂದಿಯಲ್ಲೇ ಇದೆ.