ಬೆನ್ನಿ ಪ್ರಸಾದರ ಗಿಟಾರು ಮತ್ತು ಆ 245ರ ಲೆಕ್ಕ

ಬೆಂಗಳೂರಿನ ಬೆನ್ನಿ ಪ್ರಸಾದರ ಬಗ್ಗೆ ಯಾರು ಬರೆದರೂ ಮೊದಲ ಸಾಲಿಗೇ 245 ಬಂದುಬಿಡುತ್ತದೆ. 2004ರ ಮೇ 1ರಿಂದ 2010ರ ನವೆಂಬರ್ 22ರ ತನಕ, ಆರು ವರ್ಷ ಆರು ತಿಂಗಳು 22 ದಿನಗಳಲ್ಲಿ, 245 ದೇಶ ಸುತ್ತಿ ದಾಖಲೆ ಮಾಡಿದ ಗಾಸ್ಪೆಲ್ ಗಿಟಾರ್ ವಾದಕ. ಲೆಕ್ಕ ಬಿಡಿಸಿದರೆ 194 ಸ್ವತಂತ್ರ ದೇಶ, 50 ಅಧೀನ ಪ್ರದೇಶ, ಮೇಲೊಂದು ಅಂಟಾರ್ಕ್ಟಿಕಾ. ಭಾರತದ ಪಾಸ್‌ಪೋರ್ಟ್ ಹಿಡಿದು ವೀಸಾ ಸಾಲಿನಲ್ಲಿ ನಿಂತವರಿಗೆ ಇದು ಎಂಥ ಸಾಹಸ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ನನ್ನ ತಕರಾರು ಇಲ್ಲೇ ಶುರುವಾಗುತ್ತದೆ. ಈ ಸಂಖ್ಯೆ ಕೇಳಿದವರೆಲ್ಲ ಮುಂದಕ್ಕೆ ಕೇಳುವುದು "ದುಡ್ಡು ಎಲ್ಲಿಂದ ಬಂತು?" ಎಂದು. ಏನು ನುಡಿಸಿದರು ಎಂದು ಒಬ್ಬರೂ ಕೇಳುವುದಿಲ್ಲ.

1975ರಲ್ಲಿ ಹುಟ್ಟಿದ ಬೆನ್ನಿ ತಮ್ಮ ಕತೆಯನ್ನು ವೇದಿಕೆಯ ಮೇಲೆ ತಾವೇ ಹೇಳುತ್ತಾ ಬಂದಿದ್ದಾರೆ: ಚಿಕ್ಕಂದಿನ ಆಸ್ತಮಾ, ಅದರ ಔಷಧಿಯಿಂದ ಹದಗೆಟ್ಟ ಆರೋಗ್ಯ, ಸಂಧಿವಾತ, ಬದುಕೇ ಬೇಡವೆನಿಸಿದ ಹದಿಹರೆಯ, ಆಮೇಲೆ ಯೇಸು, ಆಮೇಲೆ ಗಿಟಾರು. ಕ್ರೈಸ್ತ ಸಭೆಗಳಲ್ಲಿ ಇದನ್ನು 'ಸಾಕ್ಷಿ ಹೇಳುವುದು' ಎನ್ನುತ್ತಾರೆ. ಹರಿಕಥೆಗೆ ಇರುವಂತೆ ಸಾಕ್ಷಿಗೂ ಒಂದು ಕಟ್ಟು ಇದೆ. ಕತ್ತಲೆ ಎಷ್ಟು ದಟ್ಟವಾಗಿದ್ದರೆ ಬೆಳಕು ಅಷ್ಟು ಪ್ರಖರ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕೀಲುನೋವಿನ ಮನುಷ್ಯ ತಂತಿವಾದ್ಯ ಹಿಡಿಯುವುದು ಪವಾಡದ ಮಾತಾಗುವ ಮೊದಲು ಸಂಗೀತದ ಮಾತು. ಯಾವ ಪಟ್ಟು ಸಲೀಸು, ಯಾವುದು ಕಷ್ಟ, ಬೆರಳು ಎಲ್ಲಿ ದಾರಿ ಬದಲಿಸಿಕೊಂಡಿತು? ಸಾಕ್ಷಿಗೆ ಇಂಥ ಪ್ರಶ್ನೆಗಳಿಗೆ ಪುರುಸೊತ್ತಿಲ್ಲ. ಅದು ಬೆರಳನ್ನು ದಾಟಿ ನೇರ ದೇವರ ಹತ್ತಿರ ಹೋಗುತ್ತದೆ.

ಕೋಪರಖೈರಣೆಯ ನಮ್ಮ ಮನೆಯಲ್ಲಿ ಒಂದು ಭಾನುವಾರ ಅವರ ವಾದನ ಹಾಕಿದ್ದೆ. ಪಕ್ಕದ ಮನೆಯ ಗೆಳೆಯರು ಭಜನಾ ಮಂಡಳಿಯವರು. ಸ್ವಲ್ಪ ಹೊತ್ತು ಕೇಳಿ, "ಚೆನ್ನಾಗಿದೆ ಮಾರಾಯ್ರೆ, ಆದರೆ ಇದರಲ್ಲಿ ಯೇಸು ಎಲ್ಲಿದ್ದಾನೆ?" ಎಂದರು. ತಮಾಷೆಯ ಮಾತಲ್ಲ ಅದು. ಪುರಂದರದಾಸರ ಕೀರ್ತನೆಯನ್ನು ಕೊಳಲಿನಲ್ಲಿ ಕೇಳುವಾಗ ಸಾಹಿತ್ಯ ಗೊತ್ತಿದ್ದವನು ಒಳಗೇ ಹಾಡಿಕೊಳ್ಳುತ್ತಾನೆ. ಗೊತ್ತಿಲ್ಲದವನಿಗೆ ರಾಗ ಮಾತ್ರ. ಮಾತಿಲ್ಲದ ಗಾಸ್ಪೆಲ್ಲಿನ ಪಾಡೂ ಇದೇ. ನುಡಿಸಿ ಮುಗಿಸಿ ಅವರು ಮೈಕಿನ ಮುಂದೆ ಬಂದಾಗಲೇ ಸಂಗೀತ ಕ್ರೈಸ್ತವಾಗುತ್ತದೆ ಎಂದಾದರೆ, ಮೊದಲು ನುಡಿಸಿದ್ದು ಏನು?

ಅಮೆರಿಕದ ಲ್ಯಾರಿ ನಾರ್ಮನ್‌ಗೆ ಈ ತೊಡಕು ಇರಲಿಲ್ಲ. 1969ರಲ್ಲಿ ಕ್ಯಾಪಿಟಲ್ ಕಂಪನಿಯಿಂದ 'ಅಪಾನ್ ದಿಸ್ ರಾಕ್' ತಂದು ಕ್ರಿಶ್ಚಿಯನ್ ರಾಕ್‌ಗೆ ಅಡಿಪಾಯ ಹಾಕಿದ ಆತನ ಬಳಿ ಮಾತು ಬೇಕಾದಷ್ಟಿತ್ತು. ಆ ಮಾತಿಗೇ ಜಗಳವೂ ಆಯಿತು. ಸಂಪ್ರದಾಯಸ್ಥ ಚರ್ಚಿನವರಿಗೆ ಅದರಲ್ಲಿ ರಾಕ್ ಜಾಸ್ತಿ, ರಾಕ್ ಮಾರುಕಟ್ಟೆಗೆ ಯೇಸು ಜಾಸ್ತಿ. ನಮ್ಮ ಕಿಟ್ಟೆಲ್ ಇನ್ನೂ ಹಿಂದೆ, 1862ರ 'ಕಥಾಮಾಲೆ'ಯಲ್ಲಿ, ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಇಬ್ಬರೂ ನಂಬಿಕೆಯನ್ನು ಕಲೆಯ ಒಳಗೇ ಇಟ್ಟವರು, ಪಕ್ಕದಲ್ಲಿ ಇಟ್ಟವರಲ್ಲ.

ಬೆನ್ನಿಯವರಲ್ಲಿ ಅಂಥದ್ದು ಇಲ್ಲವೆಂದಲ್ಲ. ಇದೆ, 'ಬೆಂಟಾರ್'ನಲ್ಲಿದೆ. ಗಿಟಾರಿನ ಒಡಲಿಗೇ ಬೊಂಗೊ ಸೇರಿಸಿ ಅವರೇ ವಿನ್ಯಾಸ ಮಾಡಿದ ವಾದ್ಯ. ತಂತಿ ಮೀಟುವ ಮನುಷ್ಯನೇ ತಾಳವನ್ನೂ ಬಡಿಯಬೇಕು. ಹಿಂದೆ ಬ್ಯಾಂಡಿಲ್ಲ, ಡ್ರಮ್ಮರ್ ಇಲ್ಲ. ಇದನ್ನು ರಾಕ್ ಎನ್ನಬಹುದೇ ಎಂದು ಪಂಡಿತರು ಜಗಳವಾಡಲಿ. ಒಬ್ಬನೇ ಊರೂರು ತಿರುಗುವವನಿಗೆ ಬೇಕಾದ ವಾದ್ಯ ಇದು. ತಾಳ ಹಾಕಲು ತಂತಿಯಿಂದ ಕೈ ತೆಗೆದ ಕ್ಷಣ ರಾಗ ತುಸು ತಬ್ಬಲಿಯಾಗುತ್ತದೆ. ಕೈ ಮರಳುವ ತನಕ ಹಿಂದಿನ ಸ್ವರದ ಗುಂಗೇ ಅದನ್ನು ಹೊತ್ತಿರಬೇಕು. ಆ ಸಣ್ಣ ಬಿಡುವು ನನಗೆ ಇಷ್ಟ. ಇಡೀ ಸಾಕ್ಷಿ ಹೇಳದ್ದನ್ನು ಅದು ಹೇಳುತ್ತದೆ, ಅದೂ 245ರ ಹಂಗಿಲ್ಲದೆ.

ಇಷ್ಟು ಸುತ್ತಿದವರು ಕಡೆಗೆ ಬೆಂಗಳೂರಿನಲ್ಲಿ ತೆರೆದದ್ದು ಯುವಜನರಿಗಾಗಿ ಒಂದು ಕೆಫೆ. ಹೆಸರು 'ಚಾಯ್ 3:16'. ಆ ಅಂಕಿ ಯೋಹಾನನ ಸುವಾರ್ತೆಯದು. ಗೊತ್ತಿದ್ದವರು ವಚನ ನೆನೆಯುತ್ತಾರೆ, ಗೊತ್ತಿಲ್ಲದವರು ಚಹಾ ಕುಡಿಯುತ್ತಾರೆ.