ಲಂಟಾನದ ಆನೆಗಳು

ನನ್ನ ತವರು ಗುಂಡ್ಲುಪೇಟೆ ತಾಲ್ಲೂಕು. ಬಂಡೀಪುರದ ಅಂಚಿನ ಹೊಲಕ್ಕೆ ಆನೆ ಇಳಿದರೆ ಅವ್ವ ತಗಡು ಬಡಿದು ಓಡಿಸುತ್ತಿದ್ದಳು. 2024ರ ಫೆಬ್ರವರಿಯಲ್ಲಿ ಲಾಲ್‌ಬಾಗಿನಲ್ಲಿ ಲಂಟಾನದ ಆನೆಹಿಂಡು ಕಂಡಾಗ ಕಾಲು ತಾನಾಗಿ ಹಿಂದೆ ಸರಿಯಿತು. ಬ್ರಿಟಿಷರು ಹೂವಿನ ಚೆಂದಕ್ಕೆಂದು ತಂದ ಗಿಡವದು. ಈಗ ಕಾಡಿನ ಹುಲ್ಲನ್ನೇ ನುಂಗಿ ಕೂತಿದೆ. ಅದರ ಕಡ್ಡಿ ಬೇಯಿಸಿ, ತೊಗಟೆ ಸುಲಿದು, ಕಬ್ಬಿಣದ ಚೌಕಟ್ಟಿಗೆ ಬಗ್ಗಿಸಿ ಸುತ್ತಿದವರು ಕಾಡಾಚೆಯ ಗೂಡಲೂರು ಕಡೆಯ ಬೆಟ್ಟಕುರುಬರು, ಪಣಿಯರು, ಜೊತೆಗೆ ನಮ್ಮ ಸೋಲಿಗರು. ಸೊಂಡಿಲಿನ ಸುಕ್ಕನ್ನು ಕಡ್ಡಿಯ ಓಟದಲ್ಲೇ ಹಿಡಿದಿದ್ದಾರೆ. ಆನೆಯ ನೆರೆಯಲ್ಲಿ ಬಾಳಿದವರಿಗಲ್ಲದೆ ಅದು ದಕ್ಕದು.

ಆದರೆ ಎಲ್ಲವೂ ಎಷ್ಟು ಸಾಧು! ಸಹಬಾಳ್ವೆಯ ಸಂದೇಶವಂತೆ. ತುಳಿದ ರಾಗಿ ಹೊಲ, ಅವ್ವನ ನಿದ್ದೆಗೆಟ್ಟ ಕಣ್ಣು ನನಗಲ್ಲಿ ಕಾಣಲಿಲ್ಲ. ಆ ಬಾಳ್ವೆಗೆ ಬೆಲೆ ತೆತ್ತವಳು ಅವಳೂ ಅಲ್ಲವೆ? ಮುನಿಸಿಕೊಂಡೇ ಹೊರಟೆ. ಹೋಗುವಾಗ ಮಾತ್ರ, ಯಾರೂ ನೋಡದ ಹೊತ್ತಿನಲ್ಲಿ, ಒಂದು ಮರಿಯಾನೆಯ ಬೆನ್ನು ಸವರಿದೆ.