ಹಳೇ ಹಾಡಿನ ಅಂಗಡಿ

ಹದಿನೈದು ವರ್ಷಗಳ ಹಿಂದಿನ ಮಾತು. ರಾತ್ರಿ ಒಂಬತ್ತರ ಮೇಲೆ ಸಿಎಸ್‌ಟಿಯಿಂದ ಹೊರಡುವ ಫಾಸ್ಟ್ ಲೋಕಲ್ಲಿನಲ್ಲಿ ಡೊಂಬಿವಲಿಗೆ ಹೋಗುವ ನಮ್ಮಂಥವರೆಲ್ಲ ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿರುತ್ತಿದ್ದೆವು. ಆಗಿನ ಮೊಬೈಲಿನಲ್ಲಿ ಆ ವೈರೇ ರೇಡಿಯೋದ ಏರಿಯಲ್ಲು. ಠಾಣೆ ದಾಟಿ ಗಾಡಿ ಪಾರ್ಸಿಕ್ ಸುರಂಗದೊಳಗೆ ನುಗ್ಗಿತೆಂದರೆ ರಫಿಯ ದನಿ ಸುಂಯ್ ಎಂದು ಕರಗಿಹೋಗುತ್ತಿತ್ತು. ಕಣ್ಣು ಮುಚ್ಚಿದ್ದ ಹತ್ತು ಮಂದಿ ಒಟ್ಟಿಗೆ ಕಣ್ಣು ಬಿಡುತ್ತಿದ್ದರು. ಓಹೋ, ಎಲ್ಲರೂ ಅದನ್ನೇ ಕೇಳ್ತಿದ್ದರಾ ಅಂತ ಗೊತ್ತಾಗುತ್ತಿದ್ದದ್ದು ಆಗಲೇ.

ಹಗಲೆಲ್ಲ ಅದೇ ಎಂಟು ಹೊಸ ಹಾಡುಗಳನ್ನು ತಿರುಗಿಸಿ ತಿರುಗಿಸಿ ಹಾಕುವ ಖಾಸಗಿ ಎಫ್‌ಎಂ, ರಾತ್ರಿಯಾದ ಕೂಡಲೇ ದನಿ ತಗ್ಗಿಸಿ ಐವತ್ತು–ಅರವತ್ತರ ದಶಕಕ್ಕೆ ಹೋಗುತ್ತದಲ್ಲ, ಈ ‘ಪುರಾನೀ ಜೀನ್ಸ್’, ‘ಯಾದೋಂ ಕಾ ಈಡಿಯಟ್ ಬಾಕ್ಸ್’, ‘ಸುಹಾನಾ ಸಫರ್’ ಜಾತಿಯ ಕಾರ್ಯಕ್ರಮಗಳು, ಇವುಗಳ ಬಗ್ಗೆ ನನಗೆ ಪ್ರೀತಿಯೂ ಉಂಟು, ಒಂದು ತಕರಾರೂ ಉಂಟು. ಪ್ರೀತಿ ಹೇಳಲು ಸುಲಭ. ತಕರಾರು ಏನಂತ ಸರಿಯಾಗಿ ಅರ್ಥ ಮಾಡಿಕೊಳ್ಳಲು ನನಗೆ ಸುಮಾರು ವರ್ಷ ಬೇಕಾಯಿತು.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ನೆನಪು ಪವಿತ್ರವಾದದ್ದು, ಈ ಜಾಹೀರಾತಿನವರು ಬಂದು ಅದನ್ನು ಕೆಡಿಸಿದರು ಅನ್ನುವ ಮಾತು ನಮ್ಮ ಮಾಟುಂಗಾ ಕಡೆಯ ಹಿರಿಯರ ಬಾಯಲ್ಲಿ ಆಗಾಗ ಬರುತ್ತದೆ. ಆದರೆ ಅವರು ನೆನೆಸಿಕೊಳ್ಳುವ ಬಿನಾಕಾ ಗೀತಮಾಲಾ ಯಾವುದರ ಹೆಸರು? ಹಲ್ಲುಜ್ಜುವ ಪೇಸ್ಟಿನದು! 1952ರಲ್ಲಿ ಕೇಂದ್ರದ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಗುರವಾಗಿ ಕಂಡು ಆಕಾಶವಾಣಿಯಲ್ಲಿ ಅದಕ್ಕೆ ಜಾಗವಿಲ್ಲದಂತಾಯಿತು. ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿ ಅಲ್ಲಿ ಗೀತಮಾಲಾ ಶುರು ಮಾಡಿದರು. ಸರಕಾರಕ್ಕೆ ಬುದ್ಧಿ ಬಂದು ವಿವಿಧ ಭಾರತಿ ಹುಟ್ಟುವಾಗ 1957ರ ಅಕ್ಟೋಬರ್ ಆಗಿತ್ತು. ಅಂದರೆ ಆ ಕಾಲದಲ್ಲಿ ‘ಬೇರೆ ದಾರಿ’ ಅನ್ನುವುದು ಕಮರ್ಶಿಯಲ್ ರೇಡಿಯೋವೇ. ಇವತ್ತು ಅದು ತಿರುಗುಮುರುಗಾಗಿ, ಖಾಸಗಿ ಎಫ್‌ಎಂನ ಗದ್ದಲ ಸಾಕಾದವರು ವಿವಿಧ ಭಾರತಿಗೆ ಓಡುತ್ತಾರೆ.

ನಮ್ಮ ದೊಡ್ಡಪ್ಪಯ್ಯ ಕುಂದಾಪುರ ಕಡೆಯಿಂದ ಬಂದು ದಾದರಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಬುಧವಾರ ರಾತ್ರಿ ಎಂಟಕ್ಕೆ ಗೀತಮಾಲಾ ಬರುವಾಗ ಗಿರಾಕಿಗಳು ಎರಡನೇ ಚಾ ಹೇಳುತ್ತಿದ್ದರಂತೆ, ಏಳುತ್ತಿರಲಿಲ್ಲವಂತೆ. ಒಳಗೆ ಹಿಟ್ಟು ರುಬ್ಬುವ ಹುಡುಗರು, ಹಿಂದಿ ನೆಟ್ಟಗೆ ಬಾರದವರು, ಯಾವ ಹಾಡು ಎಷ್ಟನೇ ಪಾಯ್‌ದಾನಿಗೆ ಏರಿತು ಅಂತ ಪಂಥ ಕಟ್ಟುತ್ತಿದ್ದರು. ‘ಬೆಹನೋ ಔರ್ ಭಾಯಿಯೋ’ ಅಂತ ಸಯಾನಿ ಕರೆದರೆ ಅದು ತಮ್ಮನ್ನೇ ಅಂತ ಅವರಿಗೆ ಅನುಮಾನವೇ ಇರಲಿಲ್ಲ. ಊರು ಬಿಟ್ಟು ಬಂದ ಹುಡುಗನಿಗೆ ಈ ನಗರ ‘ನೀನೂ ನಮ್ಮವನು’ ಅಂತ ಹೇಳಿದ್ದು ಬಹುಶಃ ರೇಡಿಯೋದ ಬಾಯಿಂದ ಮಾತ್ರ. 2024ರ ಫೆಬ್ರವರಿಯಲ್ಲಿ ಸಯಾನಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ದೊಡ್ಡಪ್ಪಯ್ಯನ ಬಗ್ಗೆಯೇ ಹೆಚ್ಚು ಮಾತಾಯಿತು.

ಇನ್ನು ಈಗಿನ ಅಂಗಡಿಗೆ ಬರೋಣ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಲ್ಲಿ, 2001ರ ಜುಲೈ 3ಕ್ಕೆ, ರೇಡಿಯೋ ಸಿಟಿ. ಮರುವರ್ಷ ಮುಂಬಯಿಯಲ್ಲಿ ಸಾಲಾಗಿ ಬಂದವು. ಲೈಸೆನ್ಸ್ ಫೀ ವರ್ಷಕ್ಕೆ ನೂರಕ್ಕೆ 15ರಂತೆ ಏರುತ್ತಾ ಹೋಗುವ ಒಪ್ಪಂದ. ವಾರ್ತೆ ಓದುವ ಹಾಗಿಲ್ಲ. ಅಂಥಾ ಭಾರ ಹೊತ್ತವನು ಹೊಸ ಸಿನಿಮಾದ ಹಾಡು ಬಿಟ್ಟು ಬೇರೇನು ಹಾಕಿಯಾನು? 2005ರಲ್ಲಿ ಆ ಪದ್ಧತಿ ಹೋಗಿ ಆದಾಯದ ನೂರಕ್ಕೆ 4 ಕೊಟ್ಟರೆ ಸಾಕು ಅಂತಾದ ಮೇಲೆ ಸ್ಟೇಷನ್ನುಗಳು ಹೆಚ್ಚಿದವು. 2010ರಲ್ಲಿ ಕಾಪಿರೈಟ್ ಬೋರ್ಡು ಹಾಡಿನ ರಾಯಲ್ಟಿಯನ್ನು ಜಾಹೀರಾತು ಆದಾಯದ ನೂರಕ್ಕೆ 2 ಎಂದು ನಿಗದಿ ಮಾಡಿದ್ದು ಇನ್ನಷ್ಟು ಉಸಿರು ಕೊಟ್ಟಿತು. ಒಂದೇ ಊರಲ್ಲಿ ಇಷ್ಟು ಅಂಗಡಿ ಆದ ಮೇಲೆ ಬೋರ್ಡು ಬೇರೆ ಬರೆಸಲೇಬೇಕಲ್ಲ. ಹಳೇ ಹಾಡು ಹಾಗೆ ಒಂದು ಸರಕಾಯಿತು.

ಆದರೆ ಸರಕು ಅಂತ ಮೂಗು ಮುರಿಯುವುದು ಅನ್ಯಾಯ. ಬಿಗ್ ಎಫ್‌ಎಂನಲ್ಲಿ 2011ರಲ್ಲಿ ನೀಲೇಶ್ ಮಿಶ್ರಾ ಶುರು ಮಾಡಿದ ‘ಯಾದೋಂ ಕಾ ಈಡಿಯಟ್ ಬಾಕ್ಸ್’ ಕೇಳಿದವರಿಗೆ ಗೊತ್ತು, ಅದು ಬರೇ ಹಾಡು ಹಾಕುವ ಕಾರ್ಯಕ್ರಮವಲ್ಲ. ‘ಯಾದ್ ಶೆಹರ್’ ಎಂಬ ಕಲ್ಪನೆಯ ಊರು, ಅಲ್ಲಿಯವರ ಕಥೆ, ನಡುನಡುವೆ ಹಾಡು. ಗಡಿಬಿಡಿ ಇಲ್ಲ, ಬೊಬ್ಬೆ ಇಲ್ಲ. ಊರು ಬಿಟ್ಟವನ ಕಿವಿಯಲ್ಲೇ ಕೂತು ಮಾತಾಡುವ ದನಿ. ಕೇಳಿ ನಾನು ಸ್ಟೇಷನ್ ಇಳಿಯುವುದು ಮರೆತದ್ದುಂಟು. ಆಮೇಲೆ ಅನ್ನಿಸಿತು, ಆ ಊರಿನ ವಾಸನೆ ಪೂರ್ತಿ ಹಿಂದಿ ಸೀಮೆಯದು. ಅಲ್ಲಿಯ ಬೇಸಿಗೆ ನನ್ನದಲ್ಲ, ಅಲ್ಲಿಯ ಓಣಿ ನನ್ನದಲ್ಲ. ನನ್ನ ಊರಲ್ಲಿ ಓಣಿಯೇ ಇಲ್ಲ, ಗದ್ದೆಯ ಅಂಚು ಇರುವುದು. ಆದರೂ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಬೇರೆಯವರ ಮನೆಯ ಶ್ರಾದ್ಧದಲ್ಲಿ ನಾನು ಅತ್ತ ಹಾಗೆ.

2013ರಲ್ಲಿ ಬಂದ ಅನ್ನು ಕಪೂರರ ‘ಸುಹಾನಾ ಸಫರ್’ ಇನ್ನೊಂದು ರೀತಿ. ಟಿವಿಯ ಅಂತ್ಯಾಕ್ಷರಿಯಿಂದ ಪರಿಚಿತವಾದ ಮನುಷ್ಯ. ಹಾಡು ಹುಟ್ಟಿದ ಕಥೆ, ಕವಿ, ಸಂಗೀತ ನಿರ್ದೇಶಕ, ಮರೆತುಹೋದ ನಟ, ಎಲ್ಲ ಹೇಳುತ್ತಾರೆ, ನಾಟಕದವರ ಗಂಟಲಿನಲ್ಲಿ. ಕೆಲವೊಮ್ಮೆ ಮಾತೇ ಊಟವಾಗಿ ಹಾಡು ಉಪ್ಪಿನಕಾಯಿಯಾಗುತ್ತದೆ. ಹೇಳುವ ಕಥೆಗೆ ಹಾಡು ಸಾಕ್ಷಿ ಹೇಳಲು ಬಂದು ಕಟಕಟೆಯಲ್ಲಿ ನಿಂತ ಹಾಗೆ. ಹಾಗಿದ್ದರೂ ಒಂದು ದೊಡ್ಡ ಉಪಕಾರ ಅವರಿಂದ ಆಗಿದೆ: ಹೆಸರು ಹೇಳಿದರು.

ಈ ಹೆಸರು ಹೇಳುವ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ವಿವಿಧ ಭಾರತಿಯಲ್ಲಿ ಹಾಡಿನ ಜೊತೆ ಚಿತ್ರ, ಗಾಯಕರು, ಗೀತಕಾರ, ಸಂಗೀತಕಾರ ಎಂಬ ನಾಲ್ಕು ವಿವರ ಬರುವುದು ಪದ್ಧತಿ. ಮದುವೆ ಮನೆಯಲ್ಲಿ ಗೋತ್ರ ಕೇಳಿದ ಹಾಗೆ. ಖಾಸಗಿ ಎಫ್‌ಎಂನಲ್ಲಿ ಸಾಮಾನ್ಯವಾಗಿ ಅದಕ್ಕೆ ಪುರುಸೊತ್ತಿಲ್ಲ. ನಿವೃತ್ತರಾಗಿ ನಮ್ಮ ಮನೆಯಲ್ಲಿದ್ದಾಗ ದೊಡ್ಡಪ್ಪಯ್ಯ ಎಫ್‌ಎಂ ಕೇಳಿ ಬೈಯುತ್ತಿದ್ದದ್ದು ಇದಕ್ಕೇ. “ಎಂತ ಮಾರಾಯ, ಹಾಡಿದ್ದ್ ಯಾರ್ ಅಂತ ಹೇಳುದೇ ಇಲ್ಯಲೆ ಇವ್ರ್!”

ಒಂದು ರಾತ್ರಿ ಹೇಳಿದರು, ತಪ್ಪು ಹೇಳಿದರು. ಯಾವ ಸ್ಟೇಷನ್ ಅನ್ನುವುದು ಬೇಡ. 1968ರ ‘ಬ್ರಹ್ಮಚಾರಿ’ ಚಿತ್ರದಲ್ಲಿ ಶಮ್ಮಿ ಕಪೂರ್, ಮುಮ್ತಾಜ್ ಕುಣಿಯುವ ಹಾಡು ಉಂಟಲ್ಲ, ಅದು ಮುಗಿದ ಕೂಡಲೇ ಆ ಹುಡುಗಿ ‘ರಫಿ ಸಾಬ್, ಲತಾ ದೀದಿ’ ಅಂದಳು. ದೊಡ್ಡಪ್ಪಯ್ಯ ಕುರ್ಚಿಯಿಂದ ಎದ್ದೇ ಬಿಟ್ಟರು. “ಲತಾ ಅಲ್ಲ, ಅದ್ ನಮ್ಮ ಹೆಮ್ಮಾಡಿ ಹೆಣ್ಣ್!”

ಸುಮನ್ ಕಲ್ಯಾಣ್‌ಪುರ್. ಮದುವೆಗೆ ಮುಂಚೆ ಸುಮನ್ ಹೆಮ್ಮಾಡಿ. ಮನೆತನದ ಹೆಸರು ಕುಂದಾಪುರದ ಪಕ್ಕದ ಹೆಮ್ಮಾಡಿಯದು, ಹುಟ್ಟಿದ್ದು 1937ರಲ್ಲಿ ಢಾಕಾದಲ್ಲಿ, ಹಾಡಿದ್ದೆಲ್ಲ ಮುಂಬಯಿಯಲ್ಲಿ. ಮರಾಠಿಯವರು ತಮ್ಮವಳೆಂದು ಎತ್ತಿಕೊಂಡರು, ಕನ್ನಡದಲ್ಲೂ ಹಾಡಿದ್ದಾರೆ. ಅರವತ್ತರ ದಶಕದಲ್ಲಿ ರಾಯಲ್ಟಿ ವಿಷಯಕ್ಕೆ ರಫಿ–ಲತಾ ಮುನಿಸಿಕೊಂಡು ಕೆಲವು ವರ್ಷ ಒಟ್ಟಿಗೆ ಹಾಡದೇ ಇದ್ದಾಗ ರಫಿಯ ಪಕ್ಕ ಎಷ್ಟೋ ಯುಗಳಗೀತೆಗಳಿಗೆ ನಿಂತವರು ಸುಮನ್. ದನಿ ಲತಾರಿಗೆ ಎಷ್ಟು ಹತ್ತಿರವೆಂದರೆ ನಾನೂ ಬಹಳ ವರ್ಷ ಲತಾ ಎಂದೇ ತಿಳಿದಿದ್ದೆ. ನನ್ನಂಥವನು ತಿಳಿಯದಿದ್ದರೆ ಅಡ್ಡಿಯಿಲ್ಲ. ನೆನಪನ್ನೇ ವ್ಯಾಪಾರ ಮಾಡಿಕೊಂಡವರು ಹೆಸರು ತಪ್ಪಬಾರದು. ಹೊಸ ಹಾಡಿನ ಅಂಗಡಿಯಲ್ಲಿ ಹೆಸರು ತಪ್ಪಿದರೆ ಅದು ಉದಾಸೀನ, ನಾಳೆ ತಿದ್ದಿಕೊಳ್ಳಬಹುದು. ಹಳೇ ಹಾಡಿನ ಅಂಗಡಿಯಲ್ಲಿ ತಪ್ಪಿದರೆ ಆ ಮನುಷ್ಯರನ್ನು ಎರಡನೇ ಸಲ ಅಳಿಸಿದ ಹಾಗೆ.

ನನ್ನ ತಕರಾರಿನ ಬೇರು ಇಲ್ಲೇ ಎಲ್ಲೋ ಇದೆ. ಈ ಕಾರ್ಯಕ್ರಮಗಳು ಹಳೆಯದನ್ನು ಉಳಿಸುತ್ತವೆ ಅನ್ನುತ್ತೇವೆ. ಉಳಿಯುವುದು ಯಾವುದು? ಜಾಹೀರಾತುದಾರನಿಗೆ ಬೇಕಾದ ಕೇಳುಗನಿಗೆ ಈಗಾಗಲೇ ಬಾಯಿಪಾಠ ಇರುವ ಹಾಡು. ಹತ್ತು ಸಾವಿರದಲ್ಲಿ ಒಂದು ನಾನೂರು ಇರಬಹುದು. ಉಳಿದದ್ದು ಕತ್ತಲಲ್ಲೇ. ಮುಂಬಯಿಯ ಎಫ್‌ಎಂನಲ್ಲಿ ಹಳೇ ಮರಾಠಿ ಹಾಡು ಕೇಳಲೇ ಕಾಯಬೇಕು. ಇಷ್ಟು ಮಂದಿ ಕನ್ನಡಿಗರು ಇದ್ದೂ ಒಂದು ಜಿ.ಕೆ. ವೆಂಕಟೇಶ್, ಒಂದು ವಿಜಯಭಾಸ್ಕರ್ ಹಾಡು ಇಷ್ಟು ವರ್ಷದಲ್ಲಿ ಇಲ್ಲಿಯ ಖಾಸಗಿ ಸ್ಟೇಷನ್ನಿನಲ್ಲಿ ನನ್ನ ಕಿವಿಗೆ ಬಿದ್ದಿಲ್ಲ. ಲತಾ 1967ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಕನ್ನಡದಲ್ಲಿ ಹಾಡಿದ್ದಾರಲ್ಲ, ಲತಾ ಹುಟ್ಟುಹಬ್ಬದ ದಿನವಾದರೂ ಅದೊಂದು ಹಾಕಬಹುದಿತ್ತು.

ಇದಕ್ಕೆ ಮದ್ದು ಸಿಕ್ಕಿತೆಂದು ನಾನು ಒಮ್ಮೆ ಕುಣಿದಿದ್ದೆ. ವರ್ಲ್ಡ್‌ಸ್ಪೇಸ್ ನೆನಪುಂಟಾ? ಉಪಗ್ರಹ ರೇಡಿಯೋ. ಚಂದಾ ಕಟ್ಟಬೇಕು. ಕನ್ನಡಕ್ಕೆ ‘ಸ್ಪರ್ಶ’ ಅಂತಲೇ ಒಂದು ಚಾನೆಲ್ಲು, ಹಳೇ ಹಿಂದಿಗೆ ‘ಫರಿಶ್ತಾ’. ಏರಿಯಲ್ಲನ್ನು ಪೂರ್ವದ ಕಡೆಯ ಆಕಾಶಕ್ಕೆ ಮುಖ ಮಾಡಿ ಇಡಬೇಕಿತ್ತು. ನಮ್ಮ ಮನೆಯ ಪೂರ್ವಕ್ಕಿದ್ದದ್ದು ಪಕ್ಕದ ಬಿಲ್ಡಿಂಗಿನ ಗೋಡೆ. ಅಡುಗೆಮನೆಯ ಕಿಟಕಿಯ ಒಂದು ಮೂಲೆಯಲ್ಲಿ, ಒಗ್ಗರಣೆ ಡಬ್ಬಿಯ ಮೇಲೆ ಇಟ್ಟರೆ ಮಾತ್ರ ಸಿಗ್ನಲ್ಲು. ಹಾಗಾಗಿ ದೊಡ್ಡಪ್ಪಯ್ಯ ಸಂಜೆಯೆಲ್ಲ ಅಡುಗೆಮನೆಯಲ್ಲೇ. ಪಿ.ಬಿ. ಶ್ರೀನಿವಾಸ್ ಹಾಡುವಾಗ ಯಾರೂ ಸಾಸಿವೆ ತೆಗೆಯುವಂತಿಲ್ಲ, ಡಬ್ಬಿ ಅಲ್ಲಾಡಿದರೆ ಹಾಡು ಹೋಯಿತು. 2009ರ ಡಿಸೆಂಬರ್ 31ಕ್ಕೆ ಕಂಪನಿಯೇ ಭಾರತದಲ್ಲಿ ನಿಂತಿತು. ಜಾಹೀರಾತು ಇಲ್ಲದ ರೇಡಿಯೋಕ್ಕೆ ಏನಾಗುತ್ತದೆ ಅಂತ ನೋಡಿದ ಮೇಲೆ ಪೇಸ್ಟು ಮಾರುವವರನ್ನು ಬೈಯಲು ನನಗೆ ಮೊದಲಿನಷ್ಟು ಧೈರ್ಯವಿಲ್ಲ.

ಮೊನ್ನೆ ಮಗಳು ಕೇಳಿದಳು, “ಅಪ್ಪ, ನೀವು ಸಣ್ಣವರಿದ್ದಾಗ ಊರಲ್ಲಿ ಯಾವ ಹಾಡು ಕೇಳ್ತಿದ್ರಿ?” ಹಾಡಿ ತೋರಿಸೋಣ ಅಂತ ಬಾಯಿ ತೆರೆದರೆ ಬಂದದ್ದು ಹಿಂದಿ. ಊರಲ್ಲಿ ನಾನು ಕೇಳಿದ್ದು ರಾಜನ್–ನಾಗೇಂದ್ರ, ಎಸ್. ಜಾನಕಿ, ಟ್ರಾನ್ಸಿಸ್ಟರಿನಲ್ಲಿ ಬರುವ ಮೆಚ್ಚಿನ ಚಿತ್ರಗೀತೆ. ಅದು ನನಗೆ ಗೊತ್ತು. ಆದರೆ ಸಾವಿರ ರಾತ್ರಿ ಲೋಕಲ್ಲಿನಲ್ಲಿ ಕಣ್ಣು ಮುಚ್ಚಿ ಕೇಳಿದ್ದು ಅದರ ಮೇಲೆ ಪದರ ಪದರವಾಗಿ ಕೂತುಬಿಟ್ಟಿದೆ. ಕೆಳಗಿನದು ತೆಗೆಯಲು ಹೊರಟರೆ ಮೇಲಿನದೇ ಕೈಗೆ ಬರುತ್ತದೆ.

2023ರಲ್ಲಿ ಸುಮನ್ ಕಲ್ಯಾಣ್‌ಪುರ್ ಅವರಿಗೆ ಪದ್ಮಭೂಷಣ ಪ್ರಕಟವಾದಾಗ ದೊಡ್ಡಪ್ಪಯ್ಯ ಇರಲಿಲ್ಲ. ಅವತ್ತು ರಾತ್ರಿ ಎಫ್‌ಎಂ ಹಾಕಿಕೊಂಡು ಕೂತೆ, ಇವತ್ತಾದರೂ ಹೇಳಿಯಾರು ಅಂತ. ‘ಬ್ರಹ್ಮಚಾರಿ’ಯ ಹಾಡು ಬಂತು. ಮುಗಿಯಿತು. ಮುಗಿದ ತಕ್ಷಣ ಫ್ಲ್ಯಾಟಿನ ಜಾಹೀರಾತು, ಡೊಂಬಿವಲಿಯಲ್ಲೇ, ಸ್ಟೇಷನ್ನಿಂದ ಹತ್ತು ನಿಮಿಷ. ಸ್ಟೇಷನ್ನಿನ ನಂಬರಿಗೆ ಒಂದು ಮೆಸೇಜು ಬರೆದೆ: ಹಾಡಿದವರು ಸುಮನ್, ಊರು ಹೆಮ್ಮಾಡಿ. ಕಳಿಸುವಾಗ ಯೋಚಿಸಿ ‘ಊರು ಹೆಮ್ಮಾಡಿ’ ಅನ್ನುವುದನ್ನು ತೆಗೆದೆ. ಆಮೇಲೆ ಮತ್ತೆ ಸೇರಿಸಿದೆ.